ಸಿರೋಸಿಸ್ ರೋಗಿಗಳಲ್ಲಿ ಕಣ್ಣಿಗೆ ಬೀಳದ ಮಂಕು

ಪಿತ್ತಜನಕಾಂಗದ ಮೆದು ಅಂಗಾಂಶ ಗಾಯದ ಕಲೆಯಂತೆ ಗಡುಸಾಗುವ ಸಿರೋಸಿಸ್ ಕಾಯಿಲೆಯಲ್ಲಿ, ಕರುಳಿನಲ್ಲಿ ಹುಟ್ಟುವ ಅಮೋನಿಯಾ ಪೂರ್ತಿ ನಿವಾರಣೆಯಾಗದೆ ರಕ್ತದ ಮೂಲಕ ಮಿದುಳನ್ನು ತಲುಪುವುದರಿಂದ, ಮಾತುಕತೆ ಸರಿಯಾಗಿಯೇ ಇದ್ದರೂ ರೋಗಿಯ ಗಮನ ಮತ್ತು ಚುರುಕುತನ ಕುಂದಬಹುದು. ಹಗಲು ತೂಕಡಿಸಿ ರಾತ್ರಿ ಎಚ್ಚರವಾಗಿರುವುದು, ಚಿಲ್ಲರೆ ಲೆಕ್ಕ ತಪ್ಪುವುದು, ವಾಹನ ಓಡಿಸುವಾಗ ಬ್ರೇಕ್ ಹಾಕಲು ತಡವಾಗುವುದು ಮುಂತಾದವನ್ನು ಮನೆಯವರು ವಯಸ್ಸಿನ ಮರೆವೆಂದು ತಳ್ಳಿಹಾಕಬಾರದು. 1 ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳಬಲ್ಲರೆಂದು ನೋಡುವ ಸರಳ ಪರೀಕ್ಷೆಯಲ್ಲಿ ಎಣಿಕೆ 20ಕ್ಕಿಂತ ಕಡಿಮೆಯಾದರೆ, ಅದೊಂದೇ ರೋಗನಿರ್ಣಯವಲ್ಲದಿದ್ದರೂ ವೈದ್ಯರಿಗೆ ತಿಳಿಸಬೇಕಾದ ಸುಳಿವಾಗುತ್ತದೆ. ಚದುರಿದ 1ರಿಂದ 25ರವರೆಗಿನ ಅಂಕಿಗಳನ್ನು ಗೆರೆ ಎಳೆದು ಜೋಡಿಸುವಂಥ ಪರೀಕ್ಷೆಗಳನ್ನು ಅವರು ಮುಂದೆ ನಡೆಸಬಹುದು. ಅಲ್ಲಿಯವರೆಗೆ ವಾಹನ ಓಡಿಸದಿರುವುದು, ಮದ್ಯದಿಂದಲೂ ವೈದ್ಯರನ್ನು ಕೇಳದೆ ನುಂಗುವ ನಿದ್ದೆಮಾತ್ರೆಯಿಂದಲೂ ದೂರವಿರುವುದು, ಮಲಬದ್ಧತೆಯಾಗದಂತೆ ನೋಡಿಕೊಳ್ಳುವುದು ಕ್ಷೇಮ.