ಕೊಗೊ ಮತ್ತು ಕರಡಿಗೆ

ಹೋದ ಸೆಮಿಸ್ಟರಿನ ಫೀಸು ಕಟ್ಟೋಕೆ ನಮ್ಮ ಗೆಳೆಯನೊಬ್ಬನ ಮನೆಯಲ್ಲಿ ತೀರಿಹೋದ ತಾತನ ಬೆಳ್ಳಿ ಕರಡಿಗೆ ಮಾರಿದರು. ಟಿ. ನರಸೀಪುರದ ಹತ್ತಿರದ ಹಳ್ಳಿ. ಅಂಗಡಿಯವರು ತೂಕ ಹಾಕಿ, ವೇಸ್ಟೇಜ್ ಕಳೆದು, ದುಡ್ಡು ಎಣಿಸಿ ಕೊಟ್ಟರು. ಮೂರು ತಲೆಮಾರಿನ ಪದಾರ್ಥ ಕರಗಿಹೋಯಿತು. ಒಂದು ಫೋಟೋ ಕೂಡ ಇಲ್ಲ.

ಇಷ್ಟೇ ಪುಟ್ಟ ಡಬ್ಬಿಗೆ ಜಪಾನಿನಲ್ಲಿ ಏನಾಯಿತು ನೋಡಿ. ಅಲ್ಲಿನ ಚಹಾ ಕೂಟದಲ್ಲಿ ಕೆಂಡಕ್ಕೆ ಹಾಕುವ ಧೂಪ ಇಡೋಕೆ ಅಂಗೈಯಲ್ಲಿ ಅಡಗುವ ಡಬ್ಬಿ ಇರುತ್ತೆ, ಹೆಸರು ಕೊಗೊ. ಮೇನಿಂದ ಅಕ್ಟೋಬರ್‌ವರೆಗೆ ಸಾಮಾನ್ಯವಾಗಿ ಅರಗಿನ ಲೇಪದ ಮರದ ಕೊಗೊ, ಒಳಗೆ ಶ್ರೀಗಂಧದಂಥ ಒಣ ಚೂರು. ನವೆಂಬರಿನಿಂದ ಏಪ್ರಿಲ್‌ವರೆಗೆ ಪಿಂಗಾಣಿಯದು, ಒಳಗೆ ಜೇನು ಹಾಕಿ ನಾದಿದ ಹಸಿ ಧೂಪದುಂಡೆ. ಹಸಿ ಉಂಡೆಗೆ ಪಿಂಗಾಣಿಯೇ ಸರಿ ಅಂತ ಯಾರಿಗಾದರೂ ಗೊತ್ತಾಗುತ್ತೆ. ಮೆಟೀರಿಯಲ್ ಸೆಲೆಕ್ಷನ್ ನಮ್ಮ ಸಿಲಬಸ್ಸಿಗಿಂತ ಹಳೇದು. ಇನ್ನು ಅವರು ಮೆಚ್ಚುವ ಶ್ರೀಗಂಧ ನಮ್ಮ ಮೈಸೂರು ಕಡೆಯದೇ!

1855ರಲ್ಲಿ ಅಲ್ಲಿ ಯಾರೋ ರಸಿಕರು ಸುಮೊ ಪೈಲ್ವಾನರ ಪಟ್ಟಿಯ ಮಾದರಿಯಲ್ಲೇ ಪಿಂಗಾಣಿ ಕೊಗೊಗಳಿಗೆ ರ‍್ಯಾಂಕ್ ಕೊಟ್ಟು ಅಚ್ಚು ಹಾಕಿಸಿದರು. ಒಂದು ಕಡೆಯ ಮೊದಲ ಸ್ಥಾನ ದೊಡ್ಡ ಆಮೆಯ ಆಕಾರದ ಡಬ್ಬಿಗೆ. ಆಮೇಲೆ ಫ್ರಾನ್ಸಿನ ಪ್ರಧಾನಿಯಾಗಿದ್ದ ಕ್ಲೆಮೆನ್ಸೊ ಸುಮಾರು 3000 ಕೊಗೊ ಕೂಡಿಹಾಕಿದರು. ಅವು 1960ರಲ್ಲಿ ಕೆನಡಾದ ಮಾಂಟ್ರಿಯಲ್ ಮ್ಯೂಸಿಯಂ ಸೇರಿದವು. ಹೆಸರು, ಆಕಾರ, ಪಟ್ಟಿ ಇದ್ದದ್ದಕ್ಕೇ ಅವನ್ನು ಯಾರೂ ತೂಕಕ್ಕೆ ಹಾಕಲಿಲ್ಲ ಅನ್ನೋದು ನಮ್ಮ ಲೆಕ್ಕ.

ನಮ್ಮಲ್ಲಿ ಧೂಪಕ್ಕೆ ಅಂಥ ಡಬ್ಬಿ ಇಲ್ಲ ಬಿಡಿ, ಸಾಂಬ್ರಾಣಿ ಇರೋದು ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ. ಕರಡಿಗೆ ಇದೆ. ಇಷ್ಟಲಿಂಗವನ್ನಿಟ್ಟು ಶಿವದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಬೆಳ್ಳಿಯ ಭರಣಿ. ಕಪಿಲೆಯ ದಂಡೆಯ ಸುತ್ತೂರು ಮಠ ಇರುವ ನಂಜನಗೂಡು ತಾಲ್ಲೂಕಿನಲ್ಲಿ, ಪಕ್ಕದ ನರಸೀಪುರದಲ್ಲಿ ಎಷ್ಟೋ ಮನೆಗಳಲ್ಲಿ ಸಿಗುತ್ತೆ. ಗುಂಡಗಿನದು, ನಡು ಉಬ್ಬಿ ತುದಿ ಚೂಪಾದದ್ದು, ನುಣುಪಾದದ್ದು, ಹೂಬಳ್ಳಿ ಕೆತ್ತಿದ್ದು. ಮುಚ್ಚಳ ಸಡಿಲ ಇರಬಾರದು, ಬಿಗಿನೂ ಇರಬಾರದು. ಈ ಫಿಟ್ಟನ್ನು ಅಕ್ಕಸಾಲಿ ಸಾಧಿಸೋದು ಕೈಯಳತೆಯಲ್ಲೇ.

ಮುಂದಿನ ರಜೆಗೆ ಊರಿಗೆ ಹೋದವರು ಅಜ್ಜಿ-ತಾತನ ಹತ್ತಿರ ಕೇಳಿ. ಒಳಗೆ ಲಿಂಗ ಇದ್ದರೆ ಮುಟ್ಟೋಕೆ ಹೋಗಬೇಡಿ, ಅವರೇ ತೋರಿಸಲಿ. ಗ್ರಾಫ್ ಹಾಳೆ ಮೇಲಿಟ್ಟು ಮೇಲಿಂದ, ಪಕ್ಕದಿಂದ ಫೋಟೋ ತೆಗೆಯಿರಿ. ಉದ್ದ, ಅಗಲ, ತೂಕ, ಯಾರ ಕಾಲದ್ದು, ಯಾವ ಊರಿನಲ್ಲಿ ಮಾಡಿಸಿದ್ದು ಅಂತ ಬರೆದು ಕ್ಲಬ್ಬಿಗೆ ಕೊಡಿ. ಮನೆಯವರ ಹೆಸರು ಬೇಡ.

ನಮ್ಮ ಫೈಲಿನಲ್ಲಿ ಸದ್ಯಕ್ಕೆ ಒಂದೇ ಹಾಳೆ ಇದೆ. ಆ ಗೆಳೆಯನ ಅಪ್ಪ ನೆನಪಿನಿಂದ ಪೆನ್ಸಿಲಿನಲ್ಲಿ ಬರೆದುಕೊಟ್ಟ ಚಿತ್ರ. ಅಳತೆಯ ಜಾಗ ಖಾಲಿ.