ಹುಲ್ಲುಗಾವಲಿನಲ್ಲೊಂದು ರನ್‌ವೇ: ವಿಮಾನನಿಲ್ದಾಣಕ್ಕೆ ನೆಲ ನೋಡುವ ಬಗೆ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಜಟಿಂಗ ರಾಮೇಶ್ವರವೆಂಬ ಕಲ್ಲುಬೆಟ್ಟವಿದೆ. ಸಮುದ್ರಮಟ್ಟದಿಂದ ಅದರ ಎತ್ತರ 3,400 ಅಡಿಗೂ ಮಿಗಿಲು. 1892ರಲ್ಲಿ ಬಿ. ಎಲ್. ರೈಸರು ಈ ಸೀಮೆಯ ಮೂರು ಎಡೆಗಳಲ್ಲಿ ಪತ್ತೆಮಾಡಿದ ಅಶೋಕನ ಶಾಸನಗಳಲ್ಲಿ ಒಂದು ಈ ಬೆಟ್ಟದ ಮೇಲಿನದು. ಆದರೆ ಊರವರಿಗೆ ಬೆಟ್ಟದ ಹಿರಿಮೆ ಅಶೋಕನಿಂದ ಬಂದದ್ದಲ್ಲ. ಸೀತೆಯನ್ನು ಕದ್ದೊಯ್ಯುತ್ತಿದ್ದ ರಾವಣನನ್ನು ಆಕಾಶದಲ್ಲಿ ತಡೆದು, ರೆಕ್ಕೆ ಕಡಿಸಿಕೊಂಡು ಜಟಾಯು ಬಿದ್ದದ್ದು ಇಲ್ಲಿಯೇ ಎಂದೂ, ಜಟಾಯುವಿನ ಹೆಸರೇ ಜಟಿಂಗವೆಂದಾಯಿತೆಂದೂ ಅವರು ಹೇಳುವರು. ರಾವಣನು ಏರಿದ್ದುದು ಪುಷ್ಪಕವಿಮಾನವೆಂಬುದು ಜನರ ಕಥೆ.

ಕಥೆಯ ಸತ್ಯಾಸತ್ಯ ಹಾಗಿರಲಿ. ಈ ಬೆಟ್ಟದಿಂದ ದಕ್ಷಿಣದ ಕಡೆಗೆ ಸುಮಾರು ನಲವತ್ತು ಐವತ್ತು ಕಿಲೋಮೀಟರು ದೂರದಲ್ಲಿ, ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ, ‘ಪುಷ್ಪಕ’ವೆಂಬ ಹೆಸರಿನದೇ ಒಂದು ವಾಹನವು ನೆಲಕ್ಕಿಳಿದಿದೆ. ಅದು ಭಾರತೀಯ ಬಾಹ್ಯಾಕಾಶ ಸಂಶೋಧನ ಸಂಸ್ಥೆಯ ಮರುಬಳಕೆಯ ರಾಕೆಟ್‌ವಾಹನದ ಮಾದರಿ. 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23, ಹೀಗೆ ಮೂರು ಸಲ ವಾಯುಪಡೆಯ ಚಿನೂಕ್ ಹೆಲಿಕಾಪ್ಟರು ರೆಕ್ಕೆಯುಳ್ಳ ಆ ವಾಹನವನ್ನು ನಾಲ್ಕೂವರೆ ಕಿಲೋಮೀಟರು ಎತ್ತರಕ್ಕೆ ಒಯ್ದು ಕೈಬಿಟ್ಟಿತು. ಮೂರು ಸಲವೂ ಅದು ಚಾಲಕನಿಲ್ಲದೆ, ಎಂಜಿನ್ನಿನ ಬಲವಿಲ್ಲದೆ, ತಾನೇ ದಾರಿ ಹಿಡಿದು ರನ್‌ವೇಯ ಮೇಲೆ ಬಂದು ನಿಂತಿತು. ಆ ರನ್‌ವೇ ಇರುವುದು ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ. 2017ರ ಮೇ 28ರಂದು ಆಗಿನ ರಕ್ಷಣಾ ಸಚಿವ ಅರುಣ್ ಜೇಟ್ಲಿಯವರು ಅದನ್ನು ಉದ್ಘಾಟಿಸಿದರು. ವಿಸ್ತಾರ 4,290 ಎಕರೆ. ರನ್‌ವೇಯ ಉದ್ದ ಸುಮಾರು 2.2 ಕಿಲೋಮೀಟರು. ಇಲ್ಲಿ ಟಿಕೆಟ್ಟು ಕೊಂಡು ವಿಮಾನ ಹತ್ತುವಂತಿಲ್ಲ. ಆದರೂ ವಿಮಾನನಿಲ್ದಾಣಕ್ಕೆ ನೆಲವನ್ನು ಹೇಗೆ ಆರಿಸುತ್ತಾರೆ, ಹೇಗೆ ಸಜ್ಜುಗೊಳಿಸುತ್ತಾರೆ ಎಂಬುದನ್ನು ತಿಳಿಯಲು ಇದಕ್ಕಿಂತ ಒಳ್ಳೆಯ ಉದಾಹರಣೆ ನಮಗೆ ಕಾಣದು.

ಮೊದಲನೆಯ ಪ್ರಶ್ನೆ ಗಾಳಿಯದು. ವಿಮಾನವು ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ರೆಕ್ಕೆಯ ಮೇಲೆ ಹರಿಯುವ ಗಾಳಿಯ ವೇಗವೇ ಅದನ್ನು ಎತ್ತಿಹಿಡಿಯುವುದಾದ್ದರಿಂದ, ಎದುರುಗಾಳಿ ಎಷ್ಟಿದ್ದರೆ ನೆಲದ ಮೇಲಿನ ಓಟವನ್ನು ಅಷ್ಟು ಕಡಮೆ ಮಾಡಬಹುದು. ಗಾಳಿ ಅಡ್ಡಲಾಗಿ ಬೀಸಿದರೆ ವಿಮಾನ ಪಕ್ಕಕ್ಕೆ ಸರಿಯುವುದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ, ದೊಡ್ಡ ವಿಮಾನಗಳ ವಿಷಯದಲ್ಲಿ ಅಡ್ಡಗಾಳಿ ಗಂಟೆಗೆ 37 ಕಿಲೋಮೀಟರನ್ನು ಮೀರದಂತೆ, ನೂರರಲ್ಲಿ ತೊಂಬತ್ತೈದು ಪಾಲು ಕಾಲವಾದರೂ ನಿಲ್ದಾಣವು ಬಳಕೆಗೆ ಒದಗಬೇಕು. ಇದನ್ನು ಲೆಕ್ಕಹಾಕಲು ಕನಿಷ್ಠ ಐದು ವರ್ಷಗಳ ಗಾಳಿಯ ದಾಖಲೆ ಬೇಕು. ಅದೂ ದಿನಕ್ಕೆ ಎಂಟು ಬಾರಿಯಾದರೂ ಅಳೆದದ್ದಾಗಿರಬೇಕು. ಹೀಗೆ ದೊರೆತ ಅಂಕಿಗಳನ್ನು ದಿಕ್ಕುದಿಕ್ಕಿಗೆ ಹಂಚಿ ವೃತ್ತಾಕಾರದಲ್ಲಿ ಬರೆದ ನಕ್ಷೆಗೆ ‘ಗಾಳಿಯ ಗುಲಾಬಿ’ ಎಂಬ ಚೆಲುವಾದ ಹೆಸರಿದೆ. ಚಿತ್ರದುರ್ಗದ ಸೀಮೆಯಲ್ಲಿ ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಎಷ್ಟು ಬಲವಾಗಿ ಬೀಸುವುದೆಂಬುದಕ್ಕೆ ಅಲ್ಲಿನ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಸಾಕ್ಷಿ.

ಎರಡನೆಯದು ಉದ್ದ. ಇಲ್ಲಿ ವಿದ್ಯಾರ್ಥಿಗಳು ಕೊಂಚ ಗಣಿತಕ್ಕೆ ಸಿದ್ಧರಾಗಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುವುದು. ಬಿಸಿಲು ಏರಿದಂತೆಯೂ ತೆಳುವಾಗುವುದು. ತೆಳುಗಾಳಿಯಲ್ಲಿ ರೆಕ್ಕೆಗೆ ಹಿಡಿತ ಕಡಮೆ, ಎಂಜಿನ್ನಿಗೆ ಉಸಿರು ಕಡಮೆ. ಆದುದರಿಂದ ಓಟ ಹೆಚ್ಚಬೇಕು. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ವಿಮಾನಕ್ಕೆ 2,000 ಮೀಟರು ಸಾಕೆಂದು ಇಟ್ಟುಕೊಳ್ಳೋಣ. ಪ್ರತಿ 300 ಮೀಟರು ಎತ್ತರಕ್ಕೆ ನೂರಕ್ಕೆ 7ರಂತೆ ಉದ್ದವನ್ನು ಹೆಚ್ಚಿಸಬೇಕೆಂಬುದು ರೂಢಿಯ ಸೂತ್ರ. ಚಳ್ಳಕೆರೆಯ ಬಯಲಿನ ಎತ್ತರವನ್ನು 600 ಮೀಟರೆಂದು ಹಿಡಿದರೆ ನೂರಕ್ಕೆ 14 ಆಯಿತು. 2,000 ಮೀಟರು 2,280 ಆಯಿತು. ಆ ಎತ್ತರದಲ್ಲಿ ಇರಬೇಕಾದ ಪ್ರಮಾಣ ಉಷ್ಣತೆ ಸುಮಾರು 11 ಡಿಗ್ರಿ. ಬೇಸಗೆಯ ಮಧ್ಯಾಹ್ನದ ಉಷ್ಣತೆ 37 ಡಿಗ್ರಿಯೆಂದರೆ ಅಂತರ 26 ಡಿಗ್ರಿ. ಡಿಗ್ರಿಗೆ ನೂರಕ್ಕೆ ಒಂದರಂತೆ ಮತ್ತೆ ಹೆಚ್ಚಿಸಿದರೆ 2,873 ಮೀಟರು. ಎಂದರೆ ಮಂಗಳೂರಿನ ಕಡಲತೀರದಲ್ಲಿ ತಂಪು ಮುಂಜಾವದ ಹೊತ್ತಿಗೆ ಏರಬಲ್ಲ ವಿಮಾನಕ್ಕೆ, ಚಳ್ಳಕೆರೆಯ ಏಪ್ರಿಲ್ ಮಧ್ಯಾಹ್ನದಲ್ಲಿ ಮುಕ್ಕಾಲು ಕಿಲೋಮೀಟರಿಗೂ ಮೀರಿದ ಹೆಚ್ಚಿನ ಹಾದಿ ಬೇಕು. ಈ ಎರಡು ತಿದ್ದುಪಡಿಗಳು ಸೇರಿ ನೂರಕ್ಕೆ 35ನ್ನು ದಾಟಿದರೆ ಸೂತ್ರವನ್ನು ನೆಚ್ಚದೆ ಬೇರೆಯಾಗಿಯೇ ಅಧ್ಯಯನ ಮಾಡಬೇಕೆಂದು ಅದೇ ಮಾನದಂಡ ಹೇಳುವುದು. ನಮ್ಮ ಲೆಕ್ಕ ಆಗಲೇ ಅದನ್ನು ದಾಟಿದೆ. ಪರೀಕ್ಷೆಗಳು ಸಾಮಾನ್ಯವಾಗಿ ಬೆಳಗಿನ ತಂಪಿನಲ್ಲಿ ನಡೆಯುವುದೂ ಅಕಾರಣವಲ್ಲ.

ಇಳಿಯುವಾಗಿನ ಲೆಕ್ಕ ಬೇರೆ. ಪುಷ್ಪಕಕ್ಕೆ ಇರುವುದು ಮೊಂಡು ರೆಕ್ಕೆ. ತೇಲುವ ಗುಣ ಕಡಮೆ. ಆದುದರಿಂದ ಅದು ನೆಲ ಮುಟ್ಟಿದ್ದು ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ. ಪ್ರಯಾಣಿಕರ ವಿಮಾನದ ವೇಗ ಸುಮಾರು 260. ಅಂತರ ಅರವತ್ತೇ ಎಂದು ಅಲಕ್ಷ್ಯ ಮಾಡಲಾಗದು, ಏಕೆಂದರೆ ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾದುದು. ಒಂದೇ ತೂಕಕ್ಕೆ ಒಂದೂವರೆ ಪಟ್ಟು ಶಕ್ತಿಯನ್ನು ಅಡಗಿಸಬೇಕು. ಸೆಕೆಂಡಿಗೆ ಸೆಕೆಂಡಿಗೆ 2 ಮೀಟರಿನಂತೆ ವೇಗ ತಗ್ಗಿಸುತ್ತ ಬಂದರೆ, 260ರಲ್ಲಿ ಇಳಿದ ವಿಮಾನ ನಿಲ್ಲಲು ಸುಮಾರು 1,300 ಮೀಟರು, 320ರಲ್ಲಿ ಇಳಿದದ್ದಕ್ಕೆ ಸುಮಾರು 1,975 ಮೀಟರು ಬೇಕು. 2.2 ಕಿಲೋಮೀಟರಿನ ರನ್‌ವೇಯಲ್ಲಿ ಉಳಿಯುವುದು ಇನ್ನೂರು ಚಿಲ್ಲರೆ ಮೀಟರು ಮಾತ್ರ! ಅದಕ್ಕಾಗಿಯೇ ನೆಲ ಮುಟ್ಟಿದೊಡನೆ ಹಿಂಬದಿಯಿಂದ ಪ್ಯಾರಾಚೂಟು ಬಿಚ್ಚಿಕೊಂಡು ವೇಗವನ್ನು 100 ಕಿಲೋಮೀಟರಿನ ಸಮೀಪಕ್ಕೆ ಇಳಿಸಿತು. ಗಾಲಿಯ ಬ್ರೇಕುಗಳು ಕೆಲಸ ಹಿಡಿದದ್ದು ಆಮೇಲೆ.

ರನ್‌ವೇ ಮುಗಿದಮೇಲೆ ಏನಿದೆ ಎಂಬುದೂ ರನ್‌ವೇಯಷ್ಟೇ ಮುಖ್ಯ. 2010ರ ಮೇ 22ರಂದು ದುಬಾಯಿಯಿಂದ ಬಂದ ವಿಮಾನವೊಂದು ಮಂಗಳೂರಿನ ಬಜಪೆಯಲ್ಲಿ 2,450 ಮೀಟರಿನ ರನ್‌ವೇಯ ಮೊದಲಿನಿಂದ ಸುಮಾರು 5,200 ಅಡಿ ದಾಟಿ ನೆಲ ಮುಟ್ಟಿತು. ಮುಂದೆ ಉಳಿದದ್ದು 2,800 ಅಡಿ. ಗುಡ್ಡದ ನೆತ್ತಿಯನ್ನು ಸಮಮಾಡಿ ಕಟ್ಟಿದ ನಿಲ್ದಾಣವದು, ಅಂಚಿನಾಚೆ ಕಣಿವೆ. ವಿಮಾನದಲ್ಲಿದ್ದ 166 ಜನರಲ್ಲಿ 158 ಜನ ತೀರಿಕೊಂಡರು. ತಪ್ಪು ಇಳಿಸಿದ ರೀತಿಯಲ್ಲಿತ್ತೆಂದು ವಿಚಾರಣೆಯಿಂದ ತಿಳಿದುಬಂದರೂ, ಅದೇ ತಪ್ಪು ಬಯಲುನೆಲದಲ್ಲಿ ನಡೆದಿದ್ದರೆ ಸಾವಿನ ಲೆಕ್ಕ ಬೇರೆಯಾಗುತ್ತಿತ್ತೆಂದೇ ನಾವು ಭಾವಿಸುತ್ತೇವೆ.

ಇನ್ನು ಬೆಟ್ಟಗಳ ಮಾತು. ನಿಲ್ದಾಣದ ಸುತ್ತ ಕಣ್ಣಿಗೆ ಕಾಣದ ಬಾಣಲೆಯೊಂದನ್ನು ಕಲ್ಪಿಸಿಕೊಂಡರೆ, ಅದರ ಅಂಚನ್ನು ಯಾವ ಮರವೂ ಗೋಪುರವೂ ಗುಡ್ಡವೂ ತೂತುಮಾಡಕೂಡದು. ನಾಲ್ಕು ಕಿಲೋಮೀಟರಿನವರೆಗೆ ಈ ಬಾಣಲೆಯ ತಳ ನೆಲದಿಂದ 45 ಮೀಟರು ಮೇಲಿದ್ದು, ಆಚೆಗೆ ಏರುತ್ತ ಹೋಗುವುದು. ವಿಮಾನ ಬಂದಿಳಿಯುವ ನೇರದಲ್ಲಿ ನಿಯಮ ಇನ್ನೂ ಬಿಗಿ: ಮೊದಲ ಮೂರು ಕಿಲೋಮೀಟರಿಗೆ ಐವತ್ತಕ್ಕೆ ಒಂದು, ಅನಂತರ ನಲವತ್ತಕ್ಕೆ ಒಂದರಂತೆ ಏರಿ, 150 ಮೀಟರು ಎತ್ತರದಲ್ಲಿ ಸಮನಾಗಿ ಹದಿನೈದು ಕಿಲೋಮೀಟರಿನವರೆಗೆ ಸಾಗುವುದು. ಜಟಿಂಗ ರಾಮೇಶ್ವರದ ನೆತ್ತಿ ಕಾವಲಿನ ಬಯಲಿಗಿಂತ 400 ಮೀಟರು ಮೇಲಿದೆಯೆಂದುಕೊಳ್ಳೋಣ. ಮೂರು ಡಿಗ್ರಿ ಇಳಿಜಾರಿನಲ್ಲಿ ಬರುವ ವಿಮಾನವು ಆ ಎತ್ತರಕ್ಕೆ ಇಳಿಯುವುದು ರನ್‌ವೇಗೆ ಏಳೂವರೆ ಕಿಲೋಮೀಟರು ಇರುವಾಗಲೇ. ಅಂಥ ಬೆಟ್ಟ ಆ ನೇರದಲ್ಲಿ ಹತ್ತಿರವಿದ್ದಿದ್ದರೆ ಜಟಾಯುವಿನ ಕಥೆ ಮರುಕಳಿಸುತ್ತಿತ್ತು; ಆದರೆ ಈ ಸಲ ರೆಕ್ಕೆ ಮುರಿಯುವುದು ಪುಷ್ಪಕದ್ದೇ ಆಗಿರುತ್ತಿತ್ತು.

ಸಲಕರಣೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಸಾಮಾನ್ಯ ನಿಲ್ದಾಣಗಳಲ್ಲಿ ಎರಡು ರೇಡಿಯೋ ಕಿರಣಗಳು ದಾರಿ ತೋರುತ್ತವೆ. ಒಂದು ಎಡಬಲವನ್ನು, ಇನ್ನೊಂದು ಇಳಿಜಾರನ್ನು ಹೇಳುವುದು. ರನ್‌ವೇಯ ಪಕ್ಕದಲ್ಲಿ ನಾಲ್ಕು ದೀಪಗಳ ಸಾಲೊಂದಿದ್ದು, ಎರಡು ಬಿಳಿ ಎರಡು ಕೆಂಪು ಕಂಡರೆ ಇಳಿಜಾರು ಸರಿ, ನಾಲ್ಕೂ ಕೆಂಪಾದರೆ ವಿಮಾನ ತೀರ ಕೆಳಗಿದೆಯೆಂದು ತಿಳಿಯಬೇಕು. ಚಾಲಕನೇ ಇಲ್ಲದ ಪುಷ್ಪಕಕ್ಕೆ ದೀಪದಿಂದೇನು ಪ್ರಯೋಜನ? ಅದಕ್ಕಾಗಿ ಉಪಗ್ರಹದಂತೆಯೇ ಸಂಕೇತ ಕಳುಹಿಸುವ ‘ಹುಸಿ ಉಪಗ್ರಹ’ಗಳನ್ನು ಬಳಸಿದರು. ಇವು ಇರುವುದು ಆಕಾಶದಲ್ಲಲ್ಲ, ನೆಲದ ಮೇಲೆ. ಜೊತೆಗೆ ನಾವಿಕ್ ಗ್ರಾಹಕವೂ ಎತ್ತರ ಅಳೆಯುವ ರೇಡಾರೂ ಇದ್ದವು.

ಭದ್ರತೆಯೆಂದರೆ ನಮ್ಮ ಕಣ್ಮುಂದೆ ಬರುವುದು ಚೀಲ ತಪಾಸಣೆ. ಆ ವ್ಯವಸ್ಥೆಯೆಲ್ಲ ದುರಂತಗಳ ಬೆನ್ನಿಗೇ ಬೆಳೆದದ್ದು: 1976ರ ವಿಮಾನಾಪಹರಣದ ಬಳಿಕ 1978ರಲ್ಲಿ ನಾಗರಿಕ ವಿಮಾನಯಾನ ಭದ್ರತೆಯ ವಿಭಾಗ ಹುಟ್ಟಿತು, 1985ರ ಕನಿಷ್ಕ ದುರಂತದ ತರುವಾಯ 1987ರಲ್ಲಿ ಅದು ಸ್ವತಂತ್ರ ಇಲಾಖೆಯಾಯಿತು, 1999ರ ಕಂದಹಾರ್ ಅಪಹರಣದ ಮೇಲೆ, 2000ದಿಂದ, ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆ ನಿಲ್ದಾಣಗಳ ಕಾವಲಿಗೆ ಬಂದಿತು. ಆದರೆ ಪರೀಕ್ಷಾ ವಲಯಕ್ಕೆ ಬೇಕಾದ ಭದ್ರತೆ ಇನ್ನೊಂದು ಬಗೆಯದೂ ಆಗಿದೆ, ಅದು ಮೇಲಿಂದ ಬೀಳುವುದರಿಂದ ಕೆಳಗಿನವರಿಗೆ ಬೇಕಾದ ರಕ್ಷಣೆ. ಇಲ್ಲಿಂದ 2016ರ ನವೆಂಬರ್ 15ರಂದು ಮೊದಲು ಹಾರಿದ ‘ತಪಸ್’ ಎಂಬ ಚಾಲಕರಹಿತ ವಿಮಾನದ ಮಾದರಿಗಳಲ್ಲಿ ಒಂದು 2019ರ ಸೆಪ್ಟೆಂಬರ್ 17ರಂದು ಜೋಡಿಚಿಕ್ಕೇನಹಳ್ಳಿಯ ಅಡಕೆತೋಟದ ಬಳಿ ಬಿದ್ದಿತು; ಇನ್ನೊಂದು 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತು. ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಪರೀಕ್ಷೆಯೆಂದ ಮೇಲೆ ಬೀಳುವುದೂ ಉಂಟು. ಜನವಿರಳವಾದ ಸೀಮೆಯನ್ನೇ ಹುಡುಕುವುದು ಅದಕ್ಕಾಗಿ.

ಹಣದ ದಾರಿಯೂ ನಿಲ್ದಾಣದಿಂದ ನಿಲ್ದಾಣಕ್ಕೆ ಬೇರೆ. 2008ರ ಮೇ 24ರಂದು ತೆರೆದ ಬೆಂಗಳೂರಿನ ದೇವನಹಳ್ಳಿ ನಿಲ್ದಾಣವನ್ನು ಖಾಸಗಿ ಬಂಡವಾಳಗಾರರೂ ಸರ್ಕಾರಗಳೂ ಕೂಡಿ ಕಟ್ಟಿದರು; ವಿಮಾನ ಇಳಿದದ್ದಕ್ಕೆ ಸುಂಕ, ನಿಂತದ್ದಕ್ಕೆ ಬಾಡಿಗೆ, ಪ್ರಯಾಣಿಕನಿಂದ ಬಳಕೆಯ ಶುಲ್ಕ, ಅಂಗಡಿಗಳಿಂದ ಆದಾಯ, ಇವುಗಳಿಂದ ಹಾಕಿದ ಹಣ ಹಿಂದಿರುಗಬೇಕು. ಸುಂಕ ಮಿತಿಮೀರದಂತೆ ನೋಡಲು 2008ರ ಕಾಯಿದೆಯಂತೆ ಪ್ರಾಧಿಕಾರವೊಂದಿದೆ. 2023ರ ಫೆಬ್ರವರಿ 27ರಂದು ತೆರೆದ ಶಿವಮೊಗ್ಗದ ನಿಲ್ದಾಣಕ್ಕೆ ಹಣ ಹಾಕಿದ್ದು ರಾಜ್ಯ ಸರ್ಕಾರ. ಬಳ್ಳಾರಿ ಕಡೆಯ ತೋರಣಗಲ್ಲಿನ ನಿಲ್ದಾಣ ಉಕ್ಕಿನ ಕಾರ್ಖಾನೆಯವರದು. ಸಣ್ಣ ಊರುಗಳ ‘ಉಡಾನ್’ ವಿಮಾನಗಳ ನಷ್ಟವನ್ನು ತುಂಬಲು ದೊಡ್ಡ ಮಾರ್ಗಗಳ ವಿಮಾನಗಳಿಂದ ಅಷ್ಟಿಷ್ಟು ವಸೂಲು ಮಾಡುತ್ತಾರೆ. ಚಳ್ಳಕೆರೆಯದು ಇವಾವುದೂ ಅಲ್ಲ. ಟಿಕೆಟ್ಟೇ ಇಲ್ಲದ ಕಡೆ ಹಣ ಹಿಂದಿರುಗುವ ಪ್ರಶ್ನೆಯಿಲ್ಲ. ಅದು ರಕ್ಷಣೆಗಾಗಿ ನಾವೆಲ್ಲರೂ ತೆರುವ ತೆರಿಗೆಯಿಂದ ನಡೆಯುತ್ತದೆ.

ಆದರೆ ಆಯವ್ಯಯದಲ್ಲಿ ಕಾಣದ ಬೆಲೆಯೊಂದಿದೆ. ಕಾವಲೆಂಬುದು ಬರಿಯ ಬಯಲಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ಯೆಂದು ವ್ಯವಸ್ಥೆಗೊಳಿಸಿದ, ಟಿಪ್ಪು ಸುಲ್ತಾನನು ‘ಅಮೃತಮಹಲ್’ ಎಂದು ಹೆಸರಿಟ್ಟ ದನಗಳ ಮೇವಿಗಾಗಿ ಕಾಯ್ದಿರಿಸಿದ ಹುಲ್ಲುಗಾವಲುಗಳು ಇವು. ಆ ಎತ್ತುಗಳು ಹೈದರನ ಫಿರಂಗಿಗಳನ್ನು ಎಳೆದವು. ಎಂದರೆ ಅಂದೂ ಈ ನೆಲ ಸೈನ್ಯಕ್ಕೇ ಸೇರಿತ್ತು. ವ್ಯತ್ಯಾಸವಿಷ್ಟೆ: ಎತ್ತಿನ ಸೈನ್ಯಕ್ಕೆ ಹುಲ್ಲು ಬೇಕಾಗಿತ್ತು, ಬೇಲಿ ಬೇಕಾಗಿರಲಿಲ್ಲ. ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಒಂದಾದ ಚಳ್ಳಕೆರೆಯಲ್ಲಿ ಕುರಿ ಸಾಕಿ ಕಂಬಳಿ ನೇಯುವವರಿಗೆ ಈ ಹುಲ್ಲೇ ಆಧಾರ. ಕೃಷ್ಣಮೃಗಕ್ಕೂ ಹುಲ್ಲುಗಾವಲೇ ಮನೆ. ಪರೀಕ್ಷಾ ವಲಯದ ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಭಾಭಾ ಪರಮಾಣು ಸಂಶೋಧನ ಕೇಂದ್ರಕ್ಕೆ 1,810 ಎಕರೆ, ಬಾಹ್ಯಾಕಾಶ ಸಂಸ್ಥೆಗೆ 573 ಎಕರೆಯಂತೆ ಇದೇ ಸೀಮೆಯ ನೆಲ ಹಂಚಿಕೆಯಾದಾಗ ಹಳ್ಳಿಗಳವರು ಪ್ರತಿಭಟಿಸಿದರು. ವಿವಾದವು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಹೋಗಿ 2014ರ ಆಗಸ್ಟ್‌ನಲ್ಲಿ ತೀರ್ಪಾಯಿತು, ಯೋಜನೆಗಳು ಮುಂದುವರಿದವು.

ಪರೀಕ್ಷಾ ವಲಯ ಬೇಡವಾಗಿತ್ತೆಂದು ನಾವು ಹೇಳುವವರಲ್ಲ. ಚಾಲಕರಹಿತ ವಿಮಾನವನ್ನು ಊರಿನ ನಡುವೆ ಪರೀಕ್ಷಿಸಲಾಗದು. ನಮ್ಮ ಆಕ್ಷೇಪ ಅಳತೆಯ ಬಗ್ಗೆ. ರನ್‌ವೇಗಾಗಿ ಗಾಳಿಯನ್ನು ದಿನಕ್ಕೆ ಎಂಟು ಬಾರಿಯಂತೆ ಐದು ವರ್ಷ ಅಳೆಯಬೇಕೆಂದು ನಿಯಮವಿದೆ. ಅದೇ ನೆಲದಲ್ಲಿ ಯಾವ ತಿಂಗಳು ಯಾವ ಊರಿನ ಎಷ್ಟು ಕುರಿದನಗಳು ಮೇಯುತ್ತವೆ, ಯಾವ ಕಟ್ಟೆಯಲ್ಲಿ ನೀರು ಕುಡಿಯುತ್ತವೆ, ಬರಗಾಲದ ವರ್ಷ ಎಷ್ಟು ದೂರದವರು ಅಲ್ಲಿಗೆ ಬರುತ್ತಾರೆ ಎಂಬುದನ್ನು ಅಷ್ಟೇ ಶ್ರದ್ಧೆಯಿಂದ ಅಳೆಯಲು ಅಂಥ ನಿಯಮವಿಲ್ಲ. ಅಳೆಯುವುದು ಕಷ್ಟವೇನೂ ಅಲ್ಲ. ಒಂದು ಪ್ರೌಢಶಾಲೆಯ ಹುಡುಗರೇ ನೋಟುಬುಕ್ಕು ಹಿಡಿದು ಒಂದು ವರ್ಷದಲ್ಲಿ ಮಾಡಬಹುದಾದ ಕೆಲಸ. ನೆಲಕ್ಕೆ ಬೇಲಿ ಬೀಳುವುದಕ್ಕೆ ಮೊದಲು ಆಗಬೇಕು, ಅಷ್ಟೆ.