ಮಂಗಳನ ಕಲ್ಲು ಏನು ಹೇಳುತ್ತದೆ?

ನಮ್ಮ ಬೀದಿಯಲ್ಲಿ ಒಂದು ಮದುವೆ ಮಾತುಕತೆ ನಡೆದಿತ್ತು. ಹುಡುಗ ಒಪ್ಪಿದ್ದ. ಹುಡುಗಿಯೂ ಒಪ್ಪಿದ್ದಳು. ಆದರೆ ಜಾತಕ ನೋಡಿದವರು, "ಹುಡುಗಿಗೆ ಕುಜ ದೋಷ ಇದೆ" ಅಂದರು. ಅಷ್ಟೇ, ಗಂಡಿನ ಕಡೆಯವರು ಎದ್ದು ಹೋದರು. ಹುಡುಗಿ ಅಳುತ್ತಾ ಒಳಗೆ ಹೋದಳು.

ಕುಜ ಅಂದರೆ ಯಾರು? ಮಂಗಳ ಗ್ರಹ. ಭೂಮಿಯ ಹಾಗೆ ಅದೂ ಸೂರ್ಯನನ್ನು ಸುತ್ತುತ್ತದೆ. ಭೂಮಿಗಿಂತ ಚಿಕ್ಕದು. ರಾತ್ರಿ ಆಕಾಶದಲ್ಲಿ ಕೆಂಪು ಚುಕ್ಕಿಯಂತೆ ಕಾಣುತ್ತದೆ. ಅಲ್ಲಿ ಏನಿದೆ? ಬನ್ನಿ, ತಿಳಿಯೋಣ.

ಕಲ್ಲನ್ನೂ ಓದಬಹುದು

ನಾವು ಈಗ ಅಕ್ಷರ ಓದಲು ಕಲಿತಿದ್ದೇವೆ. ಆದರೆ ಮಣ್ಣು, ಕಲ್ಲು ಓದುವುದು ನಮಗೆ ಮೊದಲೇ ಗೊತ್ತು. ಹೊಳೆಯ ಕಲ್ಲು ನೋಡಿ. ನುಣ್ಣಗೆ, ದುಂಡಗೆ ಇರುತ್ತದೆ. ಯಾಕೆ? ಹರಿಯುವ ನೀರು ಕಲ್ಲನ್ನು ಉರುಳಿಸುತ್ತದೆ. ಕಲ್ಲಿಗೆ ಕಲ್ಲು ತಾಗಿ ಮೂಲೆಗಳು ಸವೆಯುತ್ತವೆ.

ಬಾವಿ ತೋಡುವಾಗ ಇಂಥ ಕಲ್ಲು ಸಿಕ್ಕರೆ ಏನಂತೀವಿ? "ಹಿಂದೆ ಇಲ್ಲಿ ಹೊಳೆ ಹರಿದಿತ್ತು" ಅಂತೀವಿ. ಆ ಹೊಳೆಯನ್ನು ನಾವು ಕಂಡಿಲ್ಲ. ಕಲ್ಲು ಹೇಳಿತು, ನಾವು ತಿಳಿದೆವು.

ಹೀಗೆ ಕಲ್ಲು, ಮಣ್ಣು ನೋಡಿ ನೆಲದ ಕಥೆ ತಿಳಿಯುವ ವಿದ್ಯೆಗೆ ಭೂವಿಜ್ಞಾನ ಎನ್ನುತ್ತಾರೆ. ಇದೇ ವಿದ್ಯೆಯಿಂದ ಬೇರೆ ಗ್ರಹಗಳ ಕಥೆಯನ್ನೂ ತಿಳಿಯಬಹುದು.

ಮಂಗಳನಲ್ಲಿ ದುಂಡು ಕಲ್ಲು

ಮಂಗಳನ ಮೇಲೆ ಈವರೆಗೆ ಮನುಷ್ಯರು ಕಾಲಿಟ್ಟಿಲ್ಲ. ಯಂತ್ರದ ಬಂಡಿಗಳು ಹೋಗಿವೆ. 2012ರಲ್ಲಿ ಅಮೆರಿಕದವರು ಕ್ಯೂರಿಯಾಸಿಟಿ ಎಂಬ ಬಂಡಿಯನ್ನು ಅಲ್ಲಿ ಇಳಿಸಿದರು. ಅದಕ್ಕೆ ಆರು ಚಕ್ರ. ಕಣ್ಣಿನ ಬದಲು ಕ್ಯಾಮರಾ. ಅದು ಕಳಿಸಿದ ಚಿತ್ರದಲ್ಲಿ ಏನಿತ್ತು ಗೊತ್ತೇ? ನಮ್ಮ ಹೊಳೆಯಲ್ಲಿ ಸಿಗುವಂಥದೇ ದುಂಡು ಕಲ್ಲುಗಳು!

ಗಾಳಿ ಅಂಥ ಕಲ್ಲನ್ನು ಉರುಳಿಸಲಾರದು. ಹಾಗಾದರೆ ಅಲ್ಲಿ ನೀರು ಹರಿದಿರಬೇಕು. 300 ಕೋಟಿ ವರ್ಷಗಳಿಗೂ ಹಿಂದೆ ಅಲ್ಲಿ ಹೊಳೆ ಇತ್ತು ಎಂದು ವಿಜ್ಞಾನಿಗಳು ತಿಳಿದರು. ಆಮೇಲೆ ಮಂಗಳನ ಗಾಳಿ ಬಹಳ ತೆಳುವಾಯಿತು. ಹೊಳೆಗಳು ಬತ್ತಿದವು. ಸ್ವಲ್ಪ ನೀರು ಮಂಜುಗಡ್ಡೆಯಾಗಿ ಉಳಿದಿದೆ.

ಅಲ್ಲಿ ಕರಿಕಲ್ಲೂ ಇದೆ. ನೆಲದ ಒಳಗೆ ಕರಗಿದ್ದ ಕಲ್ಲು ಉಕ್ಕಿ ಬಂದು, ಆರಿ ಗಟ್ಟಿಯಾದದ್ದು ಅದು. ನಮ್ಮ ವಿಜಯಪುರ, ಕಲಬುರಗಿ ಕಡೆಯ ಕರಿಕಲ್ಲು ಹುಟ್ಟಿದ್ದೂ ಹೀಗೆಯೇ. ಆ ಕಲ್ಲು ಸವೆದೇ ನಮ್ಮ ಎರೆ ಮಣ್ಣಾಗಿದೆ.

ಮಂಗಳ ಕೆಂಪಗೆ ಯಾಕಿದೆ? ಮಳೆಯಲ್ಲಿ ನೆನೆದ ಗುದ್ದಲಿ ನೋಡಿ. ತುಕ್ಕು ಹಿಡಿದು ಕೆಂಪಾಗುತ್ತದೆ. ಮಂಗಳನ ಧೂಳಿನಲ್ಲೂ ಕಬ್ಬಿಣದ ತುಕ್ಕಿದೆ. ಅದು ಸಿಟ್ಟಿನ ಬಣ್ಣ ಅಲ್ಲ, ತುಕ್ಕಿನ ಬಣ್ಣ.

ನಮ್ಮವರೂ ಹೋದರು

ನಮ್ಮ ದೇಶವೂ ಒಂದು ನೌಕೆ ಕಳಿಸಿತು. ಅದರ ಹೆಸರು ಮಂಗಳಯಾನ. 2014ರ ಸೆಪ್ಟೆಂಬರ್ 24ರಂದು ಅದು ಮಂಗಳನನ್ನು ಸುತ್ತಲು ತೊಡಗಿತು. ಬೆಂಗಳೂರಿನ ಕೇಂದ್ರದಲ್ಲಿ ಕುಳಿತು ಅದನ್ನು ನಡೆಸಿದರು. ಆ ಕೆಲಸದಲ್ಲಿ ಹಲವು ಮಹಿಳೆಯರೂ ಇದ್ದರು.

ಒಂದು ಕಡೆ ಹೆಣ್ಣುಮಕ್ಕಳು ಮಂಗಳನ ಹತ್ತಿರಕ್ಕೆ ನೌಕೆ ಕಳಿಸುತ್ತಾರೆ. ಇನ್ನೊಂದು ಕಡೆ ಅದೇ ಮಂಗಳನ ಹೆಸರಲ್ಲಿ ಹೆಣ್ಣುಮಗಳ ಮದುವೆ ನಿಲ್ಲುತ್ತದೆ. ಇದು ಸರಿಯೇ?

ಮಂಗಳನಲ್ಲಿ ಕಲ್ಲಿದೆ, ಧೂಳಿದೆ, ಬತ್ತಿದ ಹೊಳೆಯ ಗುರುತಿದೆ. ಅದು ತೀರ ಹತ್ತಿರ ಬಂದಾಗಲೂ 5 ಕೋಟಿ ಕಿಲೋಮೀಟರಿಗಿಂತ ದೂರ ಇರುತ್ತದೆ. ಆ ಕಲ್ಲಿಗೆ ನಮ್ಮ ಮನೆ ಮಗಳ ಹೆಸರು ಗೊತ್ತಿಲ್ಲ.

ಈ ಪಾಠವನ್ನು ಆ ಹುಡುಗಿಯ ಮನೆಗೆ ಹೋಗಿ ಓದಿ ಹೇಳೋಣ ಅಂತ ನಾವು ಮಾತಾಡಿಕೊಂಡಿದ್ದೇವೆ. ನೀವೂ ನಿಮ್ಮ ಬೀದಿಯಲ್ಲಿ ಓದಿ ಹೇಳುತ್ತೀರಾ?

ಯೋಚಿಸಿ, ಚರ್ಚಿಸಿ

1. ಹೊಳೆಯ ಕಲ್ಲು ದುಂಡಗೆ ಇರುವುದು ಯಾಕೆ?
2. ಮಂಗಳನಲ್ಲಿ ನೀರು ಹರಿದಿತ್ತು ಎಂದು ಹೇಗೆ ಗೊತ್ತಾಯಿತು?
3. ನಿಮ್ಮ ಊರಿನಲ್ಲಿ ಯಾವ ಯಾವ ಕಲ್ಲು ಸಿಗುತ್ತದೆ? ಒಂದೊಂದು ತಂದು ಎಲ್ಲರಿಗೂ ತೋರಿಸಿ.
4. ಕುಜ ದೋಷ ಎಂದು ಮದುವೆ ನಿಂತದ್ದು ನಿಮಗೆ ಗೊತ್ತೇ? ಆಗ ನೀವು ಏನು ಹೇಳುತ್ತೀರಿ?